ಬಟ್ಟೆ ಅಂಗಡಿಯ ಕಟ್ಟಡಕ್ಕೆ ವಯಸ್ಸೆಷ್ಟು?

ಪ್ರಶ್ನೆ: ನಮ್ಮ ತಾತ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಂಗಡಿ ಈಗ ಮುಚ್ಚಿದೆ, ಕಟ್ಟಡ ಮಾತ್ರ ನಿಂತಿದೆ. ಬೋರ್ಡಿನಲ್ಲಿ ಸ್ಥಾಪನೆಯ ಇಸವಿ ಇದ್ದರೂ ಅಕ್ಕಪಕ್ಕದ ವ್ಯಾಪಾರಿಗಳು ಕಟ್ಟಡ ಅದಕ್ಕಿಂತ ಹಳೆಯದು ಎನ್ನುತ್ತಾರೆ. ಕೆಡವುವ ಮೊದಲು ಅದರ ಚರಿತ್ರೆಯನ್ನು ಬರೆದಿಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಬೋರ್ಡಿನ ಇಸವಿಯನ್ನು ಸದ್ಯಕ್ಕೆ ಬದಿಗಿಡಿ. ಅದು ವ್ಯಾಪಾರ ಆರಂಭವಾದ ವರ್ಷವೇ ಹೊರತು ಗೋಡೆ ಎದ್ದ ವರ್ಷವಲ್ಲ. ತಲೆಹೊರೆಯಲ್ಲಿ ಸೀರೆ ಮಾರುತ್ತ ಶುರುಮಾಡಿ, ಒಂದು ಬಾಡಿಗೆ ಮಳಿಗೆಯಿಂದ ಇನ್ನೊಂದಕ್ಕೆ ಬಂದು, ಕೊನೆಗೆ ಸ್ವಂತ ಅಂಗಡಿ ಕಂಡ ಮನೆತನಗಳು ಪೇಟೆಯಲ್ಲಿವೆ. ಜಾಗ ಬದಲಾದರೂ ಬೋರ್ಡು ಮೊದಲ ವರ್ಷವನ್ನೇ ಹೊತ್ತು ತಿರುಗುತ್ತದೆ. ಹಳೆಯ ವಾಸದ ಮನೆಯೇ ಅಂಗಡಿಯಾದದ್ದೂ ಉಂಟು. ಆದ್ದರಿಂದ ನೀವು ಬರೆಯಬೇಕಾದದ್ದು ಅಂಗಡಿಯದೊಂದು, ಕಟ್ಟಡದ್ದೊಂದು, ಹೀಗೆ ಎರಡು ಚರಿತ್ರೆ. ಎರಡನ್ನೂ ಒಂದೇ ಎಣಿಕೆಯಲ್ಲಿ ಸೇರಿಸಿದರೆ ಎರಡೂ ತಪ್ಪುತ್ತವೆ.

ಕಟ್ಟಡವನ್ನು ರಸ್ತೆಯಲ್ಲಿ ನಿಂತು ನೋಡಿ ಕಾಲ ಹೇಳಲು ಹೋಗಬೇಡಿ. ಚಿಕ್ಕಪೇಟೆಯಲ್ಲಿ ಮುಂಭಾಗ ತಲೆಮಾರಿಗೊಮ್ಮೆ ಬದಲಾಗುತ್ತದೆ; ಯಾರೂ ಮುಟ್ಟದೆ ಉಳಿಯುವುದು ಸೂರು, ಹೊಸ್ತಿಲು ಮತ್ತು ಹಿತ್ತಲು. ಒಳಗೆ ಹೋಗಲು ಮಾಲೀಕರ ಒಪ್ಪಿಗೆ ಸಿಕ್ಕರೆ, ಮೇಲಂತಸ್ತಿನ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟು ನೋಡಿ. ಮರದ ತೊಲೆಗಳ ಮೇಲೆ ತೆಳ್ಳನೆಯ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲುಗಟ್ಟಿ ಸುಣ್ಣದ ಗಾರೆಯಲ್ಲಿ ಕೂರಿಸಿದ್ದರೆ ಅದು ಮದ್ರಾಸ್ ತಾರಸಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಹಾಕುತ್ತಿದ್ದ ಈ ತಾರಸಿ ಕಾಂಕ್ರೀಟು ಬಳಕೆಗೆ ಬಂದ ಮೇಲೆ ಹಿಂದೆ ಸರಿಯಿತು. ಮರದ ಬದಲು ಉಕ್ಕಿನ ತೊಲೆಗಳಿದ್ದರೆ ಪಕ್ಕದಲ್ಲಿ ಒತ್ತಿದ ಅಕ್ಷರಗಳನ್ನು ಓದಿ: ಜಮ್‌ಶೆಡ್‌ಪುರದಲ್ಲಿ ಉಕ್ಕು ತಯಾರಾಗತೊಡಗಿದ್ದೇ 1912ರಲ್ಲಿ, ಹಾಗಾಗಿ ಟಾಟಾ ಹೆಸರಿನ ತೊಲೆ ಅದಕ್ಕೂ ಹಿಂದಿನದಾಗಿರಲಾರದು. ಆದರೆ ಹಳೆಯ ತೊಲೆಯನ್ನು ಹೊಸ ಕಟ್ಟಡಕ್ಕೆ ಏರಿಸುವುದೂ, ಹಳೆಯ ಕಟ್ಟಡಕ್ಕೆ ಹೊಸ ತೊಲೆ ಕೊಡುವುದೂ ರೂಢಿಯೇ ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಿ ಕೂರಬಾರದು.

ಹಿಂಬದಿಯಲ್ಲಿ ಮಂಗಳೂರು ಹೆಂಚಿನ ಮಾಡು ಇದ್ದರೆ ಇನ್ನೊಂದು ಎಚ್ಚರಿಕೆ. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಎಂದು ಕಂಡು, ಮನೆ ಆ ವರ್ಷ ಕಟ್ಟಿದ್ದೆಂದು ಹಿಗ್ಗುವವರನ್ನು ನಾನು ನೋಡಿದ್ದೇನೆ. ಅದು ಕಾರ್ಖಾನೆ ಆರಂಭವಾದ ವರ್ಷ; ಹೆಂಚೂ ಅಂಗಡಿಯ ಬೋರ್ಡಿನ ಚಾಳಿಯನ್ನೇ ಹಿಡಿದಿದೆ.

ಹೊಸ್ತಿಲಿಗೆ ಬನ್ನಿ. ಕಬ್ಬಿಣದ ಶಟರ್ ಬರುವ ಮೊದಲು ಅಂಗಡಿಗಳಿಗೆ ಹಲಗೆ ಬಾಗಿಲುಗಳಿದ್ದವು. ಒಂದೊಂದೇ ಹಲಗೆಯನ್ನು ಕಲ್ಲಿನ ಹೊಸ್ತಿಲ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದ ಸಂದಿನಲ್ಲಿ, ಜಾರಿಸಿ ನಿಲ್ಲಿಸುತ್ತಿದ್ದರು, ಕ್ರಮ ತಪ್ಪದಂತೆ ಹಲಗೆಗಳಿಗೆ ಅಂಕಿ ಬರೆಯುತ್ತಿದ್ದರು. ಶಟರಿನ ಹಿಂದೆ ಕಲ್ಲಿನಲ್ಲಿ ಆ ಗಾಡಿ ಉಳಿದಿದ್ದರೆ ಆ ಹೊಸ್ತಿಲು ಅಂಗಡಿಗೆಂದೇ ಹಾಕಿದ್ದು. ಗಾಡಿಯಿಲ್ಲದೆ, ಒಳಗೆ ನಡುವಿನ ನೆಲ ಚೌಕಾಕಾರವಾಗಿ ತಗ್ಗಿದ್ದು ಮೂಲೆಯಲ್ಲಿ ನೀರು ಹೋಗುವ ಕಂಡಿ ಇದ್ದರೆ, ಥಾನುಗಳನ್ನು ಬಿಚ್ಚಿ ತೋರಿಸುತ್ತಿದ್ದ ಆ ಜಾಗ ಒಂದು ಕಾಲಕ್ಕೆ ತೊಟ್ಟಿ, ಅಂದರೆ ಮನೆಯ ನಡುವಿನ ತೆರೆದ ಅಂಗಳ, ಆಗಿತ್ತು, ಕಟ್ಟಡ ಮನೆಯಾಗಿತ್ತು.

ಈಗ ಕಾಗದಪತ್ರ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಪಟ್ಟಿಮಾಡುವ ಋಣಭಾರ ಪ್ರಮಾಣಪತ್ರ 2004ರಿಂದ ಈಚಿನ ಅವಧಿಗೆ ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪುಸ್ತಕ ಹುಡುಕಿಸಬೇಕು. ಮಾಲೀಕರ ಬಳಿ ಮೂಲ ಕ್ರಯಪತ್ರವಾಗಲಿ ವಿಭಾಗಪತ್ರವಾಗಲಿ ಇದ್ದರೆ ಮೊದಲು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಓದಿ. ಮನೆ ನಂಬರುಗಳು ಬದಲಾಗುತ್ತ ಬಂದಿರುವುದರಿಂದ ನಂಬರು ಹಿಡಿದು ಹೊರಟವರು ದಾರಿ ತಪ್ಪುತ್ತಾರೆ. ಪೂರ್ವಕ್ಕೆ ಇಂಥವರ ಅಂಗಡಿ, ಉತ್ತರಕ್ಕೆ ಸರ್ಕಾರಿ ರಸ್ತೆ ಎಂಬ ಸಾಲುಗಳು ಸುಳ್ಳಾಡುವುದು ಕಡಿಮೆ. ಇಷ್ಟು ಅಂಕಣದ (ಕಂಬದಿಂದ ಕಂಬಕ್ಕಿರುವ ಅಂತರದ ಲೆಕ್ಕ) ಮನೆ ಎಂದಿರುವುದೂ ಉಂಟು. ಒಂದು ಪತ್ರದಲ್ಲಿ ಹಿಂದಿನ ಮನೆಯ ಹೆಸರಿದ್ದು, ಮುಂದಿನ ಪತ್ರದಲ್ಲಿ ಅದೇ ದಿಕ್ಕಿಗೆ ಓಣಿಯೋ ಖಾಲಿ ನಿವೇಶನವೋ ಕಂಡರೆ ನಡುವಿನ ವರ್ಷಗಳನ್ನು ಗಮನಿಸಿ. 1898ರ ಪ್ಲೇಗಿನಲ್ಲಿ ಪೇಟೆಯ ಎಷ್ಟೋ ಮನೆಗಳು ನೆಲಸಮವಾದವು. ನೀವು ವಾಸವಿರುವ ಬಸವನಗುಡಿ ಬೆಳೆದದ್ದೂ ಆ ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬಂದದ್ದರಿಂದಲೇ.

ಮಾಲೀಕರಿಗೂ ಬಾಡಿಗೆದಾರರಿಗೂ ವ್ಯಾಜ್ಯ ನಡೆದಿದ್ದರೆ ಅದು ನಿಮ್ಮ ಭಾಗ್ಯ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ನಡೆದ ತೆರವು ಮೊಕದ್ದಮೆಗಳಲ್ಲಿ ಕಟ್ಟಡ ಶಿಥಿಲವಾಗಿದೆಯೆಂದು ಒಬ್ಬರು, ಗಟ್ಟಿಯಾಗಿದೆಯೆಂದು ಇನ್ನೊಬ್ಬರು ವಾದಿಸುವಾಗ ಅದರ ವಯಸ್ಸು, ಗೋಡೆ, ರಿಪೇರಿ ಎಲ್ಲವೂ ಕಡತಕ್ಕೆ ಬರುತ್ತಿದ್ದವು.

ಇಷ್ಟಾದರೂ ನಿಮ್ಮ ಕೈಯಲ್ಲೇ ಇರಬಹುದಾದ ಆಧಾರವನ್ನು ನೀವು ಮರೆತಂತಿದೆ. ತಾತನವರ ಕಿರ್ದಿ ಪುಸ್ತಕಗಳು, ಅಂದರೆ ದಿನದ ಜಮಾಖರ್ಚು ಬರೆದ ಪುಸ್ತಕಗಳು, ಮನೆಯಲ್ಲೋ ಅಂಗಡಿಯವರ ಅಟ್ಟದಲ್ಲೋ ಉಳಿದಿದ್ದರೆ ಖರ್ಚಿನ ಕಡೆ ನೋಡಿ. ಬಾಡಿಗೆ ಯಾರ ಹೆಸರಿಗೆ ಹೋಯಿತು, ಯಾವ ತಿಂಗಳಿಂದ ನಿಂತಿತು, ಬಡಗಿಗೆ ಎಷ್ಟು, ಗಾರೆಯವನಿಗೆ ಎಷ್ಟು, ದೀಪದ ಬಿಲ್ಲು ಎಂದಿನಿಂದ ಬಂತು ಎಂಬುದೆಲ್ಲ ಅಲ್ಲಿ ದಿನಾಂಕ ಸಮೇತ ಇರುತ್ತದೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಪ್ರತಿ ಮಳಿಗೆಯೂ ಅಂದೇ ತಂತಿ ಎಳೆಸಿಕೊಳ್ಳಲಿಲ್ಲ. ಗಜದ ಲೆಕ್ಕ ಮೀಟರಿಗೆ ತಿರುಗಿದ ಪುಟವೂ ಸಿಕ್ಕೀತು. ಜಮಾ ಕಡೆ ಅಂಗಡಿಯ ಚರಿತ್ರೆ, ಖರ್ಚಿನ ಕಡೆ ಕಟ್ಟಡದ ಚರಿತ್ರೆ ಎಂದು ಓದುತ್ತ ಹೋಗಿ.

ಪ್ರಶ್ನೆ: ಕಮರ್ಷಿಯಲ್ ಸ್ಟ್ರೀಟಿನ ಹಳೆಯ ಬಟ್ಟೆ ಅಂಗಡಿಗೂ ಇದೇ ದಾರಿಯೇ?
– ಓದುಗರೊಬ್ಬರು, ಫ್ರೇಜರ್ ಟೌನ್

ಉತ್ತರ: ಗೋಡೆ ಸೂರುಗಳ ಮಟ್ಟಿಗೆ ಅದೇ ದಾರಿ, ಕಡತಗಳ ಮಟ್ಟಿಗೆ ಅಲ್ಲ. ಕಮರ್ಷಿಯಲ್ ಸ್ಟ್ರೀಟು ದಂಡು ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ಸೇರಿದ್ದು, 1947ರವರೆಗೆ ಅದು ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ. ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿತ್ತು. ನಗರಸಭೆಗಳೂ ಎರಡಿದ್ದವು, 1949ರಲ್ಲಿ ಒಂದಾದವು. ಹಾಗಾಗಿ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದಾಗ ಮೈಸೂರು ಸರ್ಕಾರದ ಕಡತಗಳನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗಬೇಡಿ, ರೆಸಿಡೆನ್ಸಿಯ ದಾಖಲೆಗಳನ್ನು ಕೇಳಿ. ಬೀದಿಯ ಹೆಸರುಗಳ ವಿಷಯದಲ್ಲೂ ಜಾಗ್ರತೆ ಬೇಕು: ಇಂದಿನ ಮಹಾತ್ಮ ಗಾಂಧಿ ರಸ್ತೆ 1948ರವರೆಗೆ ಸೌತ್ ಪೆರೇಡ್ ಆಗಿತ್ತು, ಅಲ್ಲಿಯ ಹಳೆಯ ಮಳಿಗೆಗಳನ್ನು ಆ ಹೆಸರಿನಡಿಯೇ ಹುಡುಕಬೇಕು.