ಕಲಾಂ ವಿಜ್ಞಾನಿಯೇ ಅಲ್ಲ ಅಂದರೆ ಹೇಗೆ, ಮಾಸ್ತರರೇ?

ಗದಗದ ನಿವೃತ್ತ ಮಾಸ್ತರರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

"ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಅಬ್ದುಲ್ ಕಲಾಂ ಅವರನ್ನು 'ಅಣುಬಾಂಬ್ ಕಂಡುಹಿಡಿದ ವಿಜ್ಞಾನಿ, ರಾಷ್ಟ್ರನಾಯಕ' ಎಂದು ಬರೆದಿದ್ದೀರಿ. ಒಂದೇ ಸಾಲಿನಲ್ಲಿ ಮೂರು ತಪ್ಪು. ಅವರು ಬಾಂಬ್ ಮಾಡಲಿಲ್ಲ. ಅವರು ವಿಜ್ಞಾನಿ ಅಲ್ಲ, ಎಂಜಿನಿಯರ್. ಜನರ ಮುಂದೆ ನಿಂತು ಮತ ಕೇಳದವರು ನಾಯಕರೂ ಅಲ್ಲ. ಇಷ್ಟು ವರ್ಷ ಫಿಜಿಕ್ಸ್ ಕಲಿಸಿದವನಿಗೆ ಇದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ."

ಮಾಸ್ತರರೇ, ನಮಸ್ಕಾರ. ಪುಟವನ್ನೇ ಕತ್ತರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ್ದೀರಿ. ನಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಅದು ಎಲ್ಲರ ಕೈಗೂ ಹೋಗಿ ಬಂತು. ಮೂರರಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ. ಉಳಿದ ಎರಡಕ್ಕೆ ಸ್ವಲ್ಪ ಜಗಳ ಆಡುತ್ತೇನೆ, ಬೇಜಾರಾಗಬೇಡಿ.

ಬಾಂಬಿನ ಮಾತು ನಮ್ಮದೇ ತಪ್ಪು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಅಣುಪರೀಕ್ಷೆ ಆದಾಗ ಕಲಾಂ ಅವರ ಕೆಲಸ ಇದ್ದದ್ದು ಉಪಗ್ರಹ ಹಾರಿಸುವ ರಾಕೆಟ್ಟಿನಲ್ಲಿ. ಆ ಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ, ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು. ಪಿಯಾನೋ ನುಡಿಸುತ್ತಿದ್ದ ಈ ಭೌತವಿಜ್ಞಾನಿ 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಅವರ ಹೆಸರೇ ನಮ್ಮ ಮಕ್ಕಳ ಪುಟದಲ್ಲಿ ಇಲ್ಲ, ನೋಡಿ. 1998ರ ಮೇ 11 ಮತ್ತು 13ರ ಐದು ಸ್ಫೋಟಗಳಲ್ಲಿ ಕಲಾಂ ಇದ್ದದ್ದು ನಿಜ. ಸೇನೆಯ ಸಮವಸ್ತ್ರ ಹಾಕಿ, ಮೇಜರ್ ಜನರಲ್ ಪೃಥ್ವಿರಾಜ್ ಎಂಬ ಹೆಸರಲ್ಲಿ ಓಡಾಡಿದರು. ಆದರೆ ಅಲ್ಲಿ ಅವರದು ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿ ಎಲ್ಲವನ್ನೂ ಕೂಡಿಸುವ ಕೆಲಸ. ಬಾಂಬಿನ ಒಳಗಿನ ವಿಜ್ಞಾನ ಆರ್. ಚಿದಂಬರಂ ಮತ್ತು ಅಣುಶಕ್ತಿ ಇಲಾಖೆಯವರದು.

ಇನ್ನು ಎಂಜಿನಿಯರ್ ಪ್ರಶ್ನೆ. ಕಲಾಂ ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದ್ದು ನಿಮ್ಮದೇ ವಿಷಯ, ಫಿಜಿಕ್ಸ್. ಆಮೇಲೆ ಮದ್ರಾಸಿನಲ್ಲಿ ವಿಮಾನ ಎಂಜಿನಿಯರಿಂಗ್. ಅದರ ಫೀಸಿಗೆ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರ ಒತ್ತೆ ಇಟ್ಟರು. ಹೊಸ ನಿಯಮ ಕಂಡುಹಿಡಿದವನು ವಿಜ್ಞಾನಿ, ಗೊತ್ತಿರುವುದರಿಂದ ವಸ್ತು ಕಟ್ಟುವವನು ಎಂಜಿನಿಯರ್ ಎಂಬ ನಿಮ್ಮ ಲೆಕ್ಕದಲ್ಲಿ ಕಲಾಂ ಎರಡನೇ ಸಾಲಿನವರು, ನಿಜ. ಆದರೆ ಅದೇ ಲೆಕ್ಕ ಹಿಡಿದು ಧಾರವಾಡಕ್ಕೆ ಬನ್ನಿ. 1972ರಲ್ಲಿ ಇಲ್ಲಿ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ತಯಾರಾಯಿತು. ಹೊಸ ನಿಯಮ ಯಾರೂ ಬರೆಯಲಿಲ್ಲ. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ಉದ್ದ ಎಳೆಯ ತಳಿ ಕೊಟ್ಟರು, ಅಷ್ಟೇ. ಅದನ್ನು ಮಾಡಿದವರನ್ನು ನಮ್ಮ ಕಡೆಯ ರೈತ ವಿಜ್ಞಾನಿ ಅಂತಲೇ ಕರೆದ. ನೀವೂ ಕರೆದಿರುತ್ತೀರಿ, ಅಲ್ವಾ?

ನಿಮ್ಮ ಪತ್ರ ಓದಿ ನಮ್ಮ ಪ್ರೂಫ್ ನೋಡುವವರು ಹೇಳಿದ್ದು: "ಕಲಾಂ ವಿಜ್ಞಾನಿ ಅಲ್ಲಂದ್ರ ನಾವು ಪತ್ರಕರ್ತರೂ ಅಲ್ರೀ ಬಿಡ್ರಿ." ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಎಂಜಿನಿಯರ್ ಎಂಬ ಮಾತನ್ನು ನೀವು ಒಂದು ಮೆಟ್ಟಿಲು ಕೆಳಗಿಟ್ಟು ಹೇಳಿದ್ದೀರಿ. ನನ್ನ ತಕರಾರು ಅಲ್ಲಿದೆ. ಕಲಾಂ ಅವರ ದೊಡ್ಡತನ ಇರುವುದೇ ಕಟ್ಟುವುದರಲ್ಲಿ, ಕಟ್ಟಿದ್ದು ಮುರಿದಾಗ ಮತ್ತೆ ಕಟ್ಟುವುದರಲ್ಲಿ.

ಶುರುವಿನಿಂದ ನೋಡಿ. ವಾಯುಸೇನೆಯ ಆಯ್ಕೆಯಲ್ಲಿ ಎಂಟು ಜಾಗ ಇದ್ದವು, ಇವರು ಒಂಬತ್ತನೆಯವರಾದರು. ಬೆಂಗಳೂರಿನಲ್ಲಿ 'ನಂದಿ' ಎಂಬ ಹೋವರ್‌ಕ್ರಾಫ್ಟ್ ಮಾಡಿದರು. ನೆಲದಿಂದ ಒಂದಿಷ್ಟು ಮೇಲೆ, ಗಾಳಿಯ ದಿಂಬಿನ ಮೇಲೆ ತೇಲುವ ವಾಹನ ಅದು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದರಲ್ಲಿ ಕೂತರು, ಕಲಾಂ ಓಡಿಸಿದರು. ಮೆನನ್ ಹುದ್ದೆ ಬಿಟ್ಟ ಮೇಲೆ ನಂದಿಯನ್ನು ಕೇಳುವವರಿಲ್ಲ. ಯೋಜನೆ ಮೂಲೆಗೆ ಬಿತ್ತು.

ಆಮೇಲೆ ಬಂದದ್ದು ಎಸ್‌ಎಲ್‌ವಿ-3. ಇಪ್ಪತ್ತೆರಡು ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತದ ರಾಕೆಟ್. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಹಾರಿಸಲು ಎಲ್ಲ ಸಿದ್ಧವಾಗಿತ್ತು. ಕೊನೆಯ ಹೊತ್ತಿನಲ್ಲಿ ಕಂಪ್ಯೂಟರ್ ಬೇಡ ಎಂದು ತಡೆಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಇತ್ತು. ಜೊತೆಗಿದ್ದ ತಜ್ಞರು, ಟ್ಯಾಂಕಿನಲ್ಲಿ ಇಂಧನ ಬೇಕಾದಷ್ಟಿದೆ, ತೊಂದರೆ ಇಲ್ಲ ಎಂದರು. ಯೋಜನೆಯ ನಿರ್ದೇಶಕರಾಗಿದ್ದ ಕಲಾಂ ಕಂಪ್ಯೂಟರಿನ ಮಾತು ಮೀರಿ ಹಾರಿಸಿಬಿಟ್ಟರು. ಮೊದಲ ಹಂತ ಚೆಂದ ಕೆಲಸ ಮಾಡಿತು. ಎರಡನೆಯದು ಹಿಡಿತ ತಪ್ಪಿತು. 317 ಸೆಕೆಂಡಿನಲ್ಲಿ ಇಷ್ಟು ವರ್ಷದ ದುಡಿಮೆ ಬಂಗಾಳ ಕೊಲ್ಲಿಗೆ ಬಿತ್ತು.

ಆವತ್ತು ಪತ್ರಕರ್ತರ ಮುಂದೆ ಕೂತವರು ಕಲಾಂ ಅಲ್ಲ, ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲನ್ನು ತಮ್ಮ ತಲೆಗೆ ಹಾಕಿಕೊಂಡರು. ಮರುವರ್ಷ, 1980ರ ಜುಲೈ 18ರಂದು ಅದೇ ರಾಕೆಟ್ 35 ಕೆ.ಜಿ.ಯ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್, ಪತ್ರಕರ್ತರ ಹತ್ತಿರ ನೀನೇ ಮಾತಾಡು ಎಂದು ಕಲಾಂ ಅವರನ್ನು ಮುಂದೆ ಕಳಿಸಿದರು. ಈ ಕಥೆಯನ್ನು ಕಲಾಂ ಸಾಯುವ ತನಕ ಊರೂರಿಗೆ ಹೋಗಿ ಹೇಳಿದರು. ತಮ್ಮ ಸೋಲನ್ನು ಇಷ್ಟು ಸಲ, ಇಷ್ಟು ವಿವರವಾಗಿ ಹೇಳಿಕೊಂಡ ದೊಡ್ಡ ಮನುಷ್ಯರು ನಮ್ಮಲ್ಲಿ ಕಡಿಮೆ.

ಅಗ್ನಿ, ಪೃಥ್ವಿ ಕ್ಷಿಪಣಿಗಳ ವಿಷಯ ನಿಮಗೆ ಗೊತ್ತೇ ಇದೆ, ಬಿಡಿ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಪೋಲಿಯೊ ಮಕ್ಕಳ ಕ್ಯಾಲಿಪರ್, ಅಂದರೆ ನಡೆಯಲು ಕಾಲಿಗೆ ಕಟ್ಟುವ ಆಸರೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಮೂಳೆ ವೈದ್ಯರೊಬ್ಬರು ಕಲಾಂ ಅವರ ಪ್ರಯೋಗಾಲಯಕ್ಕೆ ಬಂದರು. ಕ್ಷಿಪಣಿಗೆಂದು ಮಾಡಿದ್ದ ಹಗುರ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಬನ್ನಿ ಎಂದು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳು 3 ಕೆ.ಜಿ.ಯ ಕಬ್ಬಿಣ ಕಾಲಿಗೆ ಕಟ್ಟಿಕೊಂಡು ಎಳೆದಾಡುತ್ತಿದ್ದರು. ಕಲಾಂ ತಂಡ ಅದನ್ನು 300 ಗ್ರಾಂಗೆ ಇಳಿಸಿತು. ಇದರಲ್ಲಿ ಹೊಸ ಭೌತಶಾಸ್ತ್ರ ಏನೂ ಇಲ್ಲ, ಒಪ್ಪಿದೆ.

ಮೂರನೇ ತಪ್ಪು, ನಾಯಕ ಎಂಬ ಮಾತು. 2002ರಲ್ಲಿ ಅವರನ್ನು ರಾಷ್ಟ್ರಪತಿ ಮಾಡಿದ್ದು ಶಾಸಕರು, ಸಂಸದರು. ಅವರ ಒಂದೊಂದು ಮತಕ್ಕೂ ಇಂತಿಷ್ಟು ಮೌಲ್ಯ ಎಂಬ ಲೆಕ್ಕವಿದೆ; ಕಲಾಂ ಅವರಿಗೆ ಸಿಕ್ಕ ಒಟ್ಟು ಮತಮೌಲ್ಯ 9,22,884. ಎದುರು ನಿಂತ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರಿಗೆ 1,07,366. ನೀವು ಹೇಳಿದ ಹಾಗೆ ಓಣಿ ಓಣಿ ತಿರುಗಿ ಕೈಮುಗಿದದ್ದಲ್ಲ. ನಿಮ್ಮ ಎರಡೂ ಪರೀಕ್ಷೆಯಲ್ಲಿ ಪಾಸಾಗುವವರು ಬೇಕೆಂದರೆ ಜರ್ಮನಿಯ ಆಂಗೆಲಾ ಮರ್ಕೆಲ್ ಇದ್ದಾರೆ. ಕ್ವಾಂಟಂ ರಸಾಯನಶಾಸ್ತ್ರದಲ್ಲಿ 1986ರಲ್ಲಿ ಡಾಕ್ಟರೇಟ್, ಆಮೇಲೆ ಚುನಾವಣೆ ಗೆದ್ದು 2005ರಿಂದ 2021ರವರೆಗೆ ಚಾನ್ಸಲರ್.

ಆದರೆ ಕಲಾಂ ರಾಷ್ಟ್ರಪತಿಯಾಗಿ ಎಲ್ಲಿ ಎಡವಿದರು ಎಂದು ನೀವು ಕೇಳಬೇಕಿತ್ತು, ಕೇಳಲಿಲ್ಲ. ನಾನೇ ಹೇಳುತ್ತೇನೆ. 2005ರ ಮೇ ತಿಂಗಳು. ಕಲಾಂ ಮಾಸ್ಕೋದಲ್ಲಿದ್ದರು. ಬಿಹಾರ ವಿಧಾನಸಭೆ ವಿಸರ್ಜಿಸಬೇಕು ಎಂಬ ಸಂಪುಟದ ಶಿಫಾರಸು ರಾತ್ರಿ ಅಲ್ಲಿಗೇ ಹೋಯಿತು. ಅವರು ಸಹಿ ಹಾಕಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ವಿಸರ್ಜನೆ ಸಂವಿಧಾನಬಾಹಿರ ಎಂದಿತು. ರಾಜೀನಾಮೆ ಕೊಡಲು ಹೊರಟಿದ್ದೆ, ಪ್ರಧಾನಿ ತಡೆದರು ಎಂದು ಮುಂದೆ ತಾವೇ ಬರೆದುಕೊಂಡಿದ್ದಾರೆ.

ಶ್ರೀಹರಿಕೋಟಾ ನೆನಪಾಗುವುದಿಲ್ಲವೇ? ಅಲ್ಲಿ ತಜ್ಞರು ಆಗಬಹುದು ಎಂದರು, ಇಲ್ಲಿ ಮಂತ್ರಿಗಳು. ಎರಡೂ ಕಡೆ ಇವರು ಇನ್ನೊಂದು ಸಲ ನೋಡೋಣ ಎನ್ನಲಿಲ್ಲ. ವ್ಯತ್ಯಾಸ ಒಂದೇ. ರಾಷ್ಟ್ರಪತಿ ಭವನದಲ್ಲಿ ಮುಂದೆ ಬಂದು ಕೂರಲು ಧವನ್ ಇರಲಿಲ್ಲ. ಮರುವರ್ಷ ಲಾಭದಾಯಕ ಹುದ್ದೆಯ ಮಸೂದೆ, ಅಂದರೆ ಸರ್ಕಾರದ ಕೆಲವು ಹುದ್ದೆಗಳನ್ನು ಹಿಡಿದರೂ ಸಂಸದರ ಸ್ಥಾನ ಹೋಗದಂತೆ ಮಾಡುವ ಮಸೂದೆ ಬಂದಾಗ ಕಲಾಂ ಅದನ್ನು ಸಂಸತ್ತಿಗೆ ವಾಪಸ್ ಕಳಿಸಿದರು. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿತು, ಆಗ ಸಹಿ ಹಾಕಲೇಬೇಕಾಯಿತು. ಆದರೂ ಈ ಸಲ ಕೌಂಟ್‌ಡೌನ್ ನಿಲ್ಲಿಸಿದರು, ನೋಡಿ. ಮಾಸ್ಕೋದ ಆ ರಾತ್ರಿ ಅವರಿಗೆ ಪಾಠವಾಗಿತ್ತು ಎಂಬುದು ನನ್ನ ಊಹೆ. ಆ ಕಾರಣಕ್ಕೇ ನಾನು ಅವರನ್ನು ನಾಯಕ ಎನ್ನುತ್ತೇನೆ. ನೀವು ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.

ಬಾಂಬಿನ ತಪ್ಪಿಗೆ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲೇ ತಿದ್ದುಪಡಿ ಬರುತ್ತದೆ, ಮೂಲೆಯಲ್ಲಿ ಅಲ್ಲ, ಮೇಲ್ಗಡೆ. ಅದರ ಕೆಳಗೆ ರಾಜಾ ರಾಮಣ್ಣ ಅವರ ಬಗ್ಗೆ ಒಂದು ಪುಟದ ಜಾಗ ಖಾಲಿ ಇಟ್ಟಿದ್ದೇನೆ. ಏಳನೇ ಕ್ಲಾಸಿನ ಮಕ್ಕಳಿಗೆ ತಿಳಿಯುವ ಹಾಗೆ ನೀವೇ ಬರೆದುಕೊಡಿ. ಇಪ್ಪತ್ತನೇ ತಾರೀಖಿನ ಒಳಗೆ ಕೈಸೇರಲಿ. ಕೆಂಪು ಶಾಯಿ ಬೇಡ, ಡಿಟಿಪಿ ಹುಡುಗಿಗೆ ಓದಲು ಕಷ್ಟವಾಗುತ್ತದೆ.

ಸಂಪಾದಕ