ಮೂರು ದಿನದ ಮೌನ, ಒಂದು ಸಂಜೆ

ಕುಮಟಾದ ಓದುಗರೊಬ್ಬರ ಪತ್ರ: "ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಗನಿಗೆ ಬೈದರೆ ಮೂರು ದಿನ ಅವನ ಹತ್ತಿರ ಮಾತಾಡುತ್ತಿರಲಿಲ್ಲ. ಎರಡು ವರ್ಷದಿಂದ ತಿದ್ದಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಪ್ರಾಣಾಯಾಮ, ರಾತ್ರಿ ಡೈರಿ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು, ಆಮೇಲೆ ಅಲ್ಲಿಗೇ ನಿಂತಿದೆ. ಮೊನ್ನೆ ಯೂನಿಫಾರ್ಮ್ ಒಣಗಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು, ಅವನು ಹಟ ಹಿಡಿದ. ಓಣಿಯೆಲ್ಲ ಕೇಳುವ ಹಾಗೆ ಕೂಗಿದೆ. ತಿಂಡಿಗೆ ಮಾಡಿದ ತೆಳ್ಳೇವು (ತೆಳು ದೋಸೆ) ತಿನ್ನದೆ ಹೋದ. ಸಂಜೆ ತಪ್ಪಾಯ್ತು ಅಂದೆ, 'ಹೋಗ್ಲಿ ಬಿಡೆ ಆಯಿ' ಅಂದ. ಎರಡು ವರ್ಷದ ಕಷ್ಟ ನೀರುಪಾಲಾಯಿತು. ನಾನು ಇಷ್ಟೇನಾ?"

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೂಗಿದ್ದನ್ನು ವಿವರವಾಗಿ ಬರೆದಿದ್ದೀರಿ. ತಪ್ಪಾಯ್ತು ಅಂದಿದ್ದಕ್ಕೆ ಒಂದೇ ಸಾಲು. ನನಗೆ ದೊಡ್ಡದಾಗಿ ಕಂಡದ್ದು ಆ ಒಂದು ಸಾಲು. ಮೊದಲು ಮೂರು ದಿನ ಬೇಕಿತ್ತು, ಈಗ ಸಂಜೆಯೊಳಗೆ ಅವನ ಹತ್ತಿರ ಹೋಗಿ ಕೂತಿರಿ. ಇದು ಯಾವಾಗ ಬದಲಾಯಿತು ಅಂತ ನಿಮಗೇ ಗೊತ್ತಾಗಿಲ್ಲ, ಅಲ್ವಾ?

ನಾನು ನಲವತ್ತೊಂದನೇ ವಯಸ್ಸಿಗೆ ಯಕ್ಷಗಾನದ ಮದ್ದಳೆ ಕಲಿಯಲು ಕೂತವಳು. ಏಕತಾಳ, ಆದಿತಾಳ ಬೇಗ ಕೈಗೆ ಬಂದವು. ಝಂಪೆತಾಳಕ್ಕೆ ಬಂದಾಗ ಎಂಟು ತಿಂಗಳು ಅಲ್ಲೇ ಕೂತೆ. ಕೈ ಬಾರಿಸುತ್ತಿತ್ತು, ಬಾಯಿ ಎಣಿಸುತ್ತಿತ್ತು. ಭಾಗವತರು ಏನು ಹಾಡುತ್ತಿದ್ದಾರೆ ಅನ್ನುವುದೇ ಕಿವಿಗೆ ಬೀಳುತ್ತಿರಲಿಲ್ಲ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ, ಸುಮ್ನೆ ಹಾಡಿನ ವೇಗ ಇಳಿಸಿ ಅದನ್ನೇ ಮತ್ತೆ ಹಾಡುತ್ತಿದ್ದರು. ಒಂದು ಮಳೆಗಾಲದ ಸಂಜೆ ಪದ್ಯದ ಮಾತುಗಳು ಸ್ಪಷ್ಟವಾಗಿ ಕೇಳಿದವು. ಎಣಿಸುವುದು ಎಲ್ಲೋ ನಿಂತುಹೋಗಿತ್ತು. ಯಾವ ದಿನ ನಿಂತಿತೋ, ಈಗಲೂ ಹೇಳಲಾರೆ.

ಹೀಗಾಗುವುದು ಮದ್ದಳೆಯಲ್ಲಿ ಮಾತ್ರ ಅಲ್ಲ. ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬಿಬ್ಬರು 1897ರಲ್ಲಿ ಟೆಲಿಗ್ರಾಫ್ ಕಲಿಯುವವರ ವೇಗ ಅಳೆದು ಒಂದು ಲೇಖನ ಬರೆದರು. ತಂತಿಯಲ್ಲಿ ಬರುವ ಟಕ್-ಟಕ್ ಶಬ್ದ ಕೇಳಿ ಸುದ್ದಿ ಬರೆದುಕೊಳ್ಳುವವರ ವೇಗ ಏರುತ್ತ ಏರುತ್ತ ವಾರಗಟ್ಟಲೆ ಒಂದೇ ಕಡೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಏರುತ್ತಿತ್ತು. ನಿಂತ ಆ ಹೊತ್ತಿನಲ್ಲಿ ಒಂದೊಂದೇ ಅಕ್ಷರ ಹಿಡಿಯುವ ಕಿವಿ ಇಡೀ ಪದ ಹಿಡಿಯಲು ಪಳಗುತ್ತಿರುತ್ತದೆ ಅಂತ ಅವರ ವಿವರಣೆ. ನನ್ನ ಎಂಟು ತಿಂಗಳು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಇನ್ನು 'ನೀರುಪಾಲಾಯಿತು' ಅಂದಿರಲ್ಲ, ಆ ಮಾತು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಅವರು ನೋಡಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು, ಇಂಥವನ್ನು. ಸಿಟ್ಟು ಅದಕ್ಕಿಂತ ಎಷ್ಟೋ ಜಾಸ್ತಿ ಕಷ್ಟದ್ದು. ಆ ಲೆಕ್ಕದಲ್ಲಿ ಎರಡು ವರ್ಷ ಅತಿಯಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಡೈರಿಯಲ್ಲಿ 'ಇವತ್ತು ಕೂಗಿದೆ, ಕೂಗಲಿಲ್ಲ' ಅಂತ ಬರೆಯುವುದನ್ನು ಸ್ವಲ್ಪ ದಿನ ಬಿಡಿ. ಕೂಗಿದ ಮೇಲೆ ಅವನ ಹತ್ತಿರ ಹೋಗಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆಯಿರಿ. ಇದೊಂದನ್ನೇ. ನೀವು ಬೆಳೆದದ್ದು ಆ ಜಾಗದಲ್ಲಿ, ಅಳತೆಗೋಲು ಮಾತ್ರ ಬೇರೆ ಕಡೆ ಇಟ್ಟಿದ್ದೀರಿ.

ಮತ್ತೆ, ಎಲ್ಲ ಸಿಟ್ಟನ್ನೂ ಮನಸ್ಸಿನ ದೋಷ ಅಂದುಕೊಳ್ಳಬೇಡಿ. ನಮ್ಮ ಕರಾವಳಿಯ ಆಷಾಢದಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ? ರಾತ್ರಿಯೇ ಯೂನಿಫಾರ್ಮನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿಡಿ. ಸಾಧ್ಯವಾದರೆ ಇನ್ನೊಂದು ಜೊತೆ ಹೊಲಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಿದ್ದೆ ಕೆಡುತ್ತಿದ್ದರೆ, ಕೈ ಮಾಡುವ ಮಟ್ಟಕ್ಕೆ ಹೋಗುತ್ತಿದ್ದರೆ, ಡೈರಿಯ ಮೇಲೆ ಭಾರ ಹಾಕಿ ಕೂರಬೇಡಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ದೀಪಾವಳಿ ಹೊತ್ತಿಗೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ. ಅಂದಹಾಗೆ, ಆ ಸಂಜೆ ಮಗ ತೆಳ್ಳೇವು ತಿಂದನಾ? ಅದನ್ನು ನೀವು ಬರೆಯಲೇ ಇಲ್ಲ.

ಸಂಪಾದಕಿ