ಹೊಟ್ಟಿನಿಂದ ಕರೆಂಟೇ ಆಗಬೇಕಾ?

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮದೊಂದು ಸಣ್ಣ ಸಾಮಿಲ್ ಇದೆ. ನೀಲಗಿರಿ, ಮಾವು ಕೊಯ್ಯುತ್ತೇವೆ. ಹಿಂದುಗಡೆ ಹೊಟ್ಟು, ತೊಗಟೆ ಗುಡ್ಡೆ ಬಿದ್ದಿದೆ. ಗ್ಯಾಸಿಫೈಯರ್ (ಕಟ್ಟಿಗೆಯನ್ನು ಅರೆಬರೆ ಉರಿಸಿ, ಎಂಜಿನ್ ಓಡಿಸುವ ಗ್ಯಾಸ್ ಮಾಡುವ ಒಲೆ) ಹಾಕಿ ಕರೆಂಟ್ ಮಾಡಿಕೊಳ್ಳಿ ಅಂತ ಒಬ್ಬರು ಗಂಟು ಬಿದ್ದಿದ್ದಾರೆ. ಹಾಕಿಸಬಹುದಾ?

ಉತ್ತರ: ಬೇಡ. ಮೊದಲು ಗುಡ್ಡೆಯಿಂದ ಒಂದು ಹಿಡಿ ಹೊಟ್ಟು ತೆಗೆದು ಗಟ್ಟಿಯಾಗಿ ಹಿಂಡಿ. ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಅದು ಉರುವಲು. ಚಿತ್ರಾನ್ನದ ಉಂಡೆ ಹಾಗೆ ನಿಂತರೆ ನೀವು ಕೂಡಿಟ್ಟಿರುವುದು ನೀರು.

ಸುಮ್ನೆ ಹೇಳುತ್ತಿಲ್ಲ. ಒಣ ಮರ ಕೆ.ಜಿ.ಗೆ ಸುಮಾರು 4000 ಕಿಲೋಕ್ಯಾಲರಿ ಕೊಡುತ್ತದೆ. ಆಗತಾನೆ ಕೊಯ್ದ ಹಸಿ ಮರದ ಹೊಟ್ಟಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಸಿಗುವ 2000ದಲ್ಲೂ 300ರಷ್ಟು ಆ ನೀರನ್ನು ಆವಿ ಮಾಡುವುದಕ್ಕೇ ಹೋಯಿತು.

ಇನ್ನು ಕರೆಂಟ್ ವಿಚಾರ. ಆಗಲ್ಲ ಅಂತಲ್ಲ. ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲೇ ಆಗಿದೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆ ಗ್ಯಾಸಿನಿಂದ ದೀಪ ಉರಿಸಿದರು. ಆಮೇಲೆ ನೀರೆತ್ತಿದರು, ಹಿಟ್ಟಿನ ಗಿರಣಿಯನ್ನೂ ಓಡಿಸಿದರು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಿಂದ ಗ್ರಿಡ್ಡಿಗೇ ಕರೆಂಟ್ ಹೋಯಿತು. ಆದರೆ ಅಲ್ಲೆಲ್ಲ ಹಾಕಿದ್ದು ಒಣಗಿಸಿ ಕಡಿದ ಕಟ್ಟಿಗೆ ತುಂಡು. ನಿಮ್ಮ ಹೊಟ್ಟನ್ನು ಹಾಗೇ ಸುರಿದರೆ ಗಾಳಿ ಆಡದೆ ಒಲೆ ಕಟ್ಟಿಕೊಳ್ಳುತ್ತದೆ. ಗ್ಯಾಸಿನ ಜೊತೆ ಬರುವ ಟಾರ್, ಅಂದರೆ ಡಾಂಬರಿನಂಥ ಅಂಟನ್ನು, ಸರಿಯಾಗಿ ಸೋಸದಿದ್ದರೆ ಎಂಜಿನ್ ವಾಲ್ವು ಅಂಟಿಕೊಳ್ಳುತ್ತದೆ. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಸೋರಿದರೆ ಜೀವಕ್ಕೇ ಅಪಾಯ. ಹೊತ್ತುಹೊತ್ತಿಗೆ ನೋಡಿಕೊಳ್ಳುವ ಒಬ್ಬ ಆಳು ಬೇಕೇ ಬೇಕು. ಇಷ್ಟೆಲ್ಲ ಮಾಡಿ ಕಟ್ಟಿಗೆಯ ಶಾಖದಲ್ಲಿ ಐದನೇ ಒಂದು ಪಾಲೂ ಕರೆಂಟಾಗಿ ಕೈಗೆ ಬರುವುದಿಲ್ಲ.

ಅದೇ ಬಾಯ್ಲರ್ ಒಲೆಗೆ ಹೋದರೆ ಅರ್ಧಕ್ಕಿಂತ ಜಾಸ್ತಿ ಶಾಖ ಕೆಲಸಕ್ಕೆ ಬರುತ್ತದೆ. ಶಿಡ್ಲಘಟ್ಟ ನಿಮಗೆಷ್ಟು ದೂರ? ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳಿಗೆ ಬೇಕಿರುವುದು ಬಿಸಿನೀರು, ಆವಿ. ಮೊದಲು ಅವರ ಹತ್ತಿರ ಮಾತಾಡಿ, ಯಂತ್ರ ಮಾರುವವರ ಹತ್ತಿರ ಆಮೇಲೆ.

ಚಕ್ಕೆ, ತುಂಡುಗಳನ್ನು ಒಣಗಿಸಿ ಹಾಗೇ ಮಾರಿ. ಹೊಟ್ಟನ್ನು ಬ್ರಿಕೆಟ್ (ಯಂತ್ರದಲ್ಲಿ ಒತ್ತಿ ಮಾಡಿದ ಉರುವಲು ಕಟ್ಟಿ) ಮಾಡುವವರಿಗೆ ಕೊಡಿ. ಅದಕ್ಕೆ ಅಂಟು ಬೇಡ. ಒತ್ತಡಕ್ಕೆ ಬಿಸಿಯಾದಾಗ ಮರದಲ್ಲೇ ಇರುವ ಲಿಗ್ನಿನ್ ಅನ್ನುವ ಅಂಶವೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಆದರೆ ತೇವ ನೂರಕ್ಕೆ ಹತ್ತರ ಆಸುಪಾಸಿನಲ್ಲೇ ಇರಬೇಕು. ನಾನು ಬ್ರಿಕೆಟ್ ಯಂತ್ರ ನಡೆಸಿದ ಮೊದಲ ಮಳೆಗಾಲದಲ್ಲಿ ಆತುರಪಟ್ಟು ಹಸಿ ಹೊಟ್ಟು ಹಾಕಿಬಿಟ್ಟೆ. ಒಳಗೆ ಆವಿ ಕಟ್ಟಿ, ಬ್ರಿಕೆಟ್ ಪಟಾಕಿ ಹಾಗೆ ಢಂ ಅಂತ ಹಾರಿ ಎದುರಿನ ತಗಡಿಗೆ ಬಡಿಯಿತು. ಆ ಗುಳಿ ಇವತ್ತಿಗೂ ಇದೆ.

ಅದೇ ವರ್ಷ ಉಳಿದ ಹಸಿ ಹೊಟ್ಟನ್ನು ಎತ್ತರಕ್ಕೆ ರಾಶಿ ಹಾಕಿ ಟಾರ್ಪಾಲು ಮುಚ್ಚಿದ್ದೆ. ಹದಿನೈದು ದಿನಕ್ಕೆ ಹುಳಿ ವಾಸನೆ, ಆಮೇಲೆ ನಡುವಿನಿಂದ ಹೊಗೆ. ಬೆಂಕಿ ಯಾರೂ ಇಟ್ಟಿರಲಿಲ್ಲ, ತಾನೇ ಕುದಿದಿತ್ತು. ನಿಮ್ಮ ಗುಡ್ಡೆಗೂ ಒಂದು ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ತುದಿ ಮುಟ್ಟಲಾಗದಷ್ಟು ಬಿಸಿಯಿದ್ದರೆ ನೀರು ಪಕ್ಕದಲ್ಲಿಟ್ಟುಕೊಂಡು, ಇವತ್ತೇ ಜನ ಕರೆಸಿ ಹರಡಿಸಿ.

ಪ್ರಶ್ನೆ: ಪ್ಲೈವುಡ್ ಚೂರು, ಬಣ್ಣ ಬಳಿದ ಹಳೇ ಬಾಗಿಲನ್ನು ನೀರೊಲೆಗೆ ಹಾಕಬಹುದಾ? — ಕೋಲಾರದಿಂದ ಒಬ್ಬ ಓದುಗರು

ಉತ್ತರ: ಹಾಕಬೇಡಿ. ಪ್ಲೈವುಡ್ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ವಿಷ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಹೊಗೆ ಕುಡಿಯುವವರು ನಿಮ್ಮ ಮನೆಯವರೇ ಅಲ್ವಾ?

ಪ್ರಶ್ನೆ: ನಮ್ಮಜ್ಜಿ ಡಬ್ಬದಲ್ಲಿ ಹೊಟ್ಟು ತುಂಬಿ ಒಲೆ ಹಚ್ಚುತ್ತಿದ್ದರು. ನಾನು ಮಾಡಿದರೆ ಕುಸಿಯುತ್ತದೆ, ಬರೀ ಹೊಗೆ. ಏನು ತಪ್ಪು? — ತುಮಕೂರಿನಿಂದ ಒಬ್ಬ ಗೃಹಿಣಿ

ಉತ್ತರ: ಹೊಗೆ ಬಂದರೆ ಹೊಟ್ಟು ಹಸಿ. ಎರಡು ದಿನ ಬಿಸಿಲಿಗೆ ಹರಡಿ. ಕುಸಿಯುವುದಕ್ಕೆ ಕಾರಣ ತುಂಬುವ ಆತುರ. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಡಬ್ಬದ ಪಕ್ಕದಲ್ಲಿ ಕೆಳಗಿರುವ ತೂತಿನಿಂದ ಬಾಟಲಿಯ ಬುಡಕ್ಕೆ ಒಂದು ಕೋಲು ತಾಗಿಸಿಡಿ. ಹೊಟ್ಟನ್ನು ನಾಲ್ಕು ಬೆರಳಷ್ಟು ಹಾಕಿ, ಒನಕೆ ತುದಿಯಲ್ಲಿ ಕುಟ್ಟಿ, ಆಮೇಲೆ ಮುಂದಿನ ಪದರ ಹಾಕಿ. ಕೊನೆಗೆ ಕೋಲು ಮೊದಲು ತೆಗೆಯಿರಿ. ಬಾಟಲಿಯನ್ನು ನೇರ ಎಳೆಯಬೇಡಿ, ಮೆಲ್ಲಗೆ ತಿರುಗಿಸುತ್ತಾ ಮೇಲಕ್ಕೆತ್ತಿ. ಬಾಟಲಿ ಹೊರಗೆ ಸ್ವಲ್ಪ ಬೂದಿ ಸವರಿದ್ದರೆ ಇನ್ನೂ ಸಲೀಸು.